ಒಂಟಿ ದ್ವೀಪದ ಚೀಟಿ

ಅರಸೀಕೆರೆಯಲ್ಲಿ ಕೂತು ಕಡಲಪಾಚಿಗೆ ಜೀವ ಬಿಡುತ್ತಿದ್ದವರೊಬ್ಬರು ಇದ್ದರು ಎಂದರೆ ಈಗಲೂ ಜನ ನಗುತ್ತಾರೆ. ನಮ್ಮೂರಲ್ಲಿ ಏನಿದೆ? ರೈಲಿದೆ, ಕೊಬ್ಬರಿ ಇದೆ, ಬೇಸಿಗೆಯಲ್ಲಿ ಅರ್ಧ ಬತ್ತುವ ಕೆರೆ ಇದೆ. ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಅಂಥ ಊರಿನ ಕಾಲೇಜಿನಲ್ಲಿ, ಸಸ್ಯಶಾಸ್ತ್ರದ ಲ್ಯಾಬಿನ ಮೂರು ಕಬ್ಬಿಣದ ಬೀರುಗಳ ತುಂಬ ಕಡಲಪಾಚಿ ಇತ್ತು. ಬೀರುಗಳ ಬೀಗದಕೈ ಮೇಡಂ ಸೊಂಟದಲ್ಲಿ ಇರುತ್ತಿತ್ತು. ಮನೆಯ ಬೀಗದಕೈ ಮಾತ್ರ ವಾರಕ್ಕೊಮ್ಮೆ ಕಳೆದುಹೋಗುತ್ತಿತ್ತು.

ಮೇಡಂ ತೀರಿಕೊಂಡು ತಿಂಗಳ ಮೇಲಾಯಿತು. ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆಯಲು ನನಗೆ ಹೇಳಿದ್ದಾರೆ. "ನೀವೇ ಬರೀಬೇಕು ಕಣ್ರೀ, ಅವರಿಗೆ ನಿಮ್ಮಷ್ಟು ಹತ್ತಿರದವರು ಇನ್ಯಾರಿದ್ದಾರೆ?" ಎಂದರು ಪ್ರಿನ್ಸಿಪಾಲರು. ಹತ್ತಿರದವಳು ಎಂಬುದು ನಿಜ. ಹತ್ತಿರದವರು ಮಾತ್ರ ಮಾಡಬಹುದಾದ ಒಂದು ಕೆಲಸವನ್ನು ನಾನು ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಿದರೆ ಅದು ನನ್ನ ಇನ್ನೊಂದು ಸುಳ್ಳಾಗುತ್ತದೆ. ಹಾಗಾಗಿ ಎರಡನ್ನೂ ಬರೆಯುತ್ತಿದ್ದೇನೆ. ಸಂಚಿಕೆಯವರು ಹಾಕಿಕೊಂಡರೆ ಹಾಕಿಕೊಳ್ಳಲಿ, ಬಿಟ್ಟರೆ ಬಿಡಲಿ.

ಮೇಡಂ ಬಾಣಾವರದವರು. ತಂದೆ ರೈಲ್ವೆಯಲ್ಲಿದ್ದರು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ "ವಾಸನೆ ಯಾರು ತಡ್ಕೊತಾರೆ?" ಎಂದು ನಕ್ಕು ಮಾತು ಮುಗಿಸುತ್ತಿದ್ದರು. ಪಿಯುಸಿಯಲ್ಲಿದ್ದಾಗ ಮೊದಲ ಸಲ ಕಡಲು ನೋಡಿದ್ದರಂತೆ. ಜೊತೆಗಿದ್ದವರೆಲ್ಲ ಅಲೆ ಕಂಡು ಕುಣಿಯುತ್ತಿದ್ದರೆ ಇವರು ಬಗ್ಗಿ, ಕಾಲಿಗೆ ಸುತ್ತಿಕೊಂಡ ಪಾಚಿಯನ್ನು ಬಿಡಿಸಿ, ಊಟದ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತಂದರಂತೆ. ಮನೆಯಲ್ಲಿ ರಾದ್ಧಾಂತ. ಮೀನು ತಂದಿದ್ದಾಳೆ ಎಂದು ಅವರ ತಾಯಿ ಅಡುಗೆಮನೆಯನ್ನು ಮೂರು ಸಲ ತೊಳೆದರಂತೆ. "ಮೀನಲ್ಲ ಕಣಮ್ಮ, ಸೊಪ್ಪಿನ ಥರ" ಎಂದರೆ, "ಸೊಪ್ಪಾದ್ರೆ ಸಾರಿಗಾಕು, ನೋಡಾಣ" ಎಂದರಂತೆ ತಾಯಿ. ಈ ಕಥೆಯನ್ನು ಮೇಡಂ ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹೇಳುತ್ತಿದ್ದರು. ಮೊದಲ ಸಲ ಹೇಳುತ್ತಿರುವಂತೆಯೇ ನಗುತ್ತಿದ್ದರು.

ನಾನು ಹಗರೆಯವಳು. ಮನೆಯಲ್ಲಿ ನಾಲ್ಕು ಹಸು, ಡೈರಿಗೆ ಹಾಲು ಹಾಕುವ ಸಂಸಾರ. ಎಂಎಸ್ಸಿ ಮುಗಿಸಿ ಈ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಅತಿಥಿ ಎಂದರೆ ಗೊತ್ತಲ್ಲ, ವರ್ಷ ಮುಗಿದ ಮೇಲೆ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಡಂ ಆಗ ವಿಭಾಗದ ಮುಖ್ಯಸ್ಥೆ. ಮೊದಲ ದಿನ ನನ್ನ ಸರ್ಟಿಫಿಕೇಟುಗಳನ್ನು ಪಕ್ಕಕ್ಕಿಟ್ಟು, "ಒಂದು ಸಾಲು ಬರಿ, ನೋಡೋಣ" ಎಂದರು. ಬರೆದೆ. ನನ್ನ ಅಕ್ಷರ ದುಂಡಗಿದೆ. "ಸಾಕು. ಇನ್ಮೇಲೆ ಚೀಟಿ ಎಲ್ಲ ನೀನೇ ಬರಿ" ಎಂದರು. ಅವರ ಅಕ್ಷರವೋ, ಕೋಳಿ ಕೆದಕಿದಂತೆ.

ಕಡಲಪಾಚಿಯನ್ನು ಕಾಗದಕ್ಕೆ ಏರಿಸುವ ಕೆಲಸವನ್ನು ನಾನು ಅವರಿಂದ ಕಲಿತೆ. ಅಗಲದ ತಟ್ಟೆಯಲ್ಲಿ ಉಪ್ಪುನೀರು. ನಮ್ಮ ಬೋರ್‌ವೆಲ್ ನೀರಿಗೆ ಹಾಗೇ ಬಿಟ್ಟರೆ ನಾಜೂಕಿನ ಪಾಚಿ ಒಡೆದು ಬಣ್ಣ ಬಿಡುತ್ತದೆ ಎಂದು ಮೇಡಂ ಸಂತೆಯಿಂದ ಕಲ್ಲುಪ್ಪು ತಂದು ಕದಡಿ, ನಾಲಿಗೆಗೆ ಹಚ್ಚಿ ಹದ ನೋಡುತ್ತಿದ್ದರು. ಅದರಲ್ಲಿ ಪಾಚಿಯನ್ನು ತೇಲಿಬಿಟ್ಟು, ಕೆಳಗೆ ದಪ್ಪ ಹಾಳೆ ತೂರಿಸಿ, ಕುಂಚದಿಂದ ಒಂದೊಂದೇ ಎಳೆ ಬಿಡಿಸಿ, ಉಸಿರು ಬಿಗಿಹಿಡಿದು ಮೇಲೆತ್ತಬೇಕು. ಮೇಲೆ ಹಳೇ ಪಂಚೆಯ ತುಂಡು, ಅದರ ಮೇಲೆ ನ್ಯೂಸ್‌ಪೇಪರು, ಅದರ ಮೇಲೆ ಒರಳಿನ ಗುಂಡು. ಪೇಪರನ್ನು ದಿನಾ ಬದಲಾಯಿಸಬೇಕು. ಒಣಗಿದ ಮೇಲೆ ಎಷ್ಟೋ ಪಾಚಿಗಳು ತಮ್ಮದೇ ಅಂಟಿನಿಂದ ಹಾಳೆಗೆ ಕಚ್ಚಿಕೊಂಡು ಕೂರುತ್ತವೆ. ಹಾಳೆಯ ಬಲ ಮೂಲೆಯಲ್ಲಿ ಚೀಟಿ: ಹೆಸರು, ಸಿಕ್ಕಿದ ಜಾಗ, ಸಿಕ್ಕಿದ ದಿನ, ತಂದವರು.

ಆ ಚೀಟಿಯ ವಿಷಯದಲ್ಲಿ ಮೇಡಂ ಚಂಡಿ. "ಹೆಸರು ತಪ್ಪಾದ್ರೆ ಇವತ್ತಲ್ಲ ನಾಳೆ ಯಾರಾದ್ರೂ ತಿದ್ದುತಾರೆ, ಗಿಡ ಕಣ್ಮುಂದೆ ಇರುತ್ತಲ್ಲ. ಊರು ತಪ್ಪಾದ್ರೆ ಭಗವಂತನೂ ತಿದ್ದಕ್ಕಾಗಲ್ಲ ಕಣೇ. ಊರಿಲ್ಲದ ಪಾಚಿ ಬರೀ ಕಸ" ಎನ್ನುತ್ತಿದ್ದರು. ಇನ್ನೊಂದು ಕಟ್ಟಳೆ ಇತ್ತು. ಹಳೇ ಚೀಟಿಯಲ್ಲಿ ತಪ್ಪಿದ್ದರೂ ಅದನ್ನು ಕಿತ್ತು ಹಾಕಬಾರದು, ಹೊಡೆದು ಹಾಕಲೂ ಬಾರದು. ಕೆಳಗೆ ಹೊಸ ಚೀಟಿ ಅಂಟಿಸಿ, ಸರಿಯಾದದ್ದನ್ನು ಬರೆದು, ತಿದ್ದಿದವರು ತಮ್ಮ ಹೆಸರು ಹಾಕಬೇಕು. ಒಂದು ಹಾಳೆಯಲ್ಲಿ ಅಂಥ ನಾಲ್ಕು ಚೀಟಿಗಳಿದ್ದವು; ನಾಲ್ಕೂ ಮೇಡಂ ಅವರದೇ. ತಮ್ಮ ಮೂರು ತಪ್ಪುಗಳನ್ನು ಅವರು ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಿದ್ದರು.

ಯಾರಾದರೂ ಪಾಚಿಯ "ಬೇರು" ಎಂದರೆ ರೇಗುತ್ತಿದ್ದರು. "ಬೇರಿಲ್ಲಪ್ಪ ಅದಕ್ಕೆ! ಬಂಡೆ ಹಿಡ್ಕೊಂಡು ನಿಂತಿರುತ್ತೆ ಅಷ್ಟೆ." ಕೊಬ್ಬರಿ ಮಂಡಿಯವರ ಮಕ್ಕಳಿಗೆ ದೂರದ ದ್ವೀಪಕ್ಕೆ ಪಾಚಿ ಹೇಗೆ ಹೋಗುತ್ತದೆ ಎಂದು ಹೇಳುವಾಗ ಒಂದು ತೆಂಗಿನಕಾಯಿ ತರುತ್ತಿದ್ದರು.

"ಇದು ನೀರಲ್ಲಿ ಮುಳುಗುತ್ತೋ ತೇಲುತ್ತೋ?"

"ತೇಲ್ತದೆ ಮೇಡಂ."

"ಸಿಪ್ಪೆಗೆ ಒಂದೆಳೆ ಪಾಚಿ ಅಂಟ್ಕೊಂಡಿದ್ರೆ?"

"ಅದೂ ಹೋಯ್ತದೆ."

"ಎಲ್ಲೀವರೆಗೆ?"

ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. "ಕಾಯಿ ದಡ ಮುಟ್ಟೋವರೆಗೆ ಮೇಡಂ" ಎಂದು ಯಾರಾದರೂ ಹೇಳಿದರೆ ಆ ಕಾಯಿ ಅವರಿಗೇ. ಆಮೇಲೆ ಗಂಭೀರವಾಗಿ ಹೇಳುತ್ತಿದ್ದರು: "ಹಡಗು ಬಂದು ನಿಲ್ಲೋ ದ್ವೀಪದಲ್ಲಿ ಒಂದು ಹೊಸ ಪಾಚಿ ಸಿಕ್ತು ಅನ್ನಿ, ಹಡಗಿನ ತಳಕ್ಕೆ ಅಂಟ್ಕೊಂಡು ಬಂತೇನೋ ಅನ್ನಬೇಕು. ಯಾರೂ ಹೋಗದೇ ಇರೋ ದ್ವೀಪದಲ್ಲಿ ಸಿಕ್ರೆ, ಅದನ್ನ ಕಡಲೇ ತಂದಿದೆ. ಅದಕ್ಕೇ ಯಾವ ದ್ವೀಪ ಅನ್ನೋದೇ ಎಲ್ಲಾ."

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಆಗ ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ಕೇಳಿಸಿಕೊಂಡಿದ್ದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಬಾಯಿ ನನಗಿಲ್ಲ.

ವರ್ಷಕ್ಕೊಮ್ಮೆ ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ಯುತ್ತಿದ್ದರು. ಬಸ್ಸಿಳಿದವರೆಲ್ಲ ದೇವಸ್ಥಾನದ ಕಡೆ ತಿರುಗಿದರೆ ಇವರು ಕೆರೆಯ ಕಡೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದು ಸಿಹಿನೀರಿನ ಪಾಚಿ ಎತ್ತಿ ತೋರಿಸಿದ ಮೇಲೆಯೇ ದೇವಸ್ಥಾನ. ಅಲ್ಲೂ ಅವರು ನಿಲ್ಲುತ್ತಿದ್ದದ್ದು ಗೋಡೆಯ ಕೆಳಗಿನ ಸಾಲಿನ ಮಕರಗಳ ಮುಂದೆ. ಆನೆಯ ಸೊಂಡಿಲು, ಹಂದಿಯ ಮೈ, ನವಿಲಿನ ಬಾಲ. "ಕೆತ್ತಿದೋನು ಕಡಲು ಕಂಡಿದ್ನೋ ಇಲ್ವೋ. ಯಾರೋ ಹೇಳಿದ್ದು ಕೇಳ್ಕೊಂಡು ಎಷ್ಟು ಚೆಂದ ಮಾಡಿದ್ದಾನೆ ನೋಡಿ" ಎಂದು ಮೆಚ್ಚಿ, ಮರುಕ್ಷಣ ಬೆರಳು ಎತ್ತುತ್ತಿದ್ದರು: "ಅವನಿಗೆ ಮಾಫಿ. ನೋಡದೇ ಇದ್ದದ್ದನ್ನ ಕೆತ್ತಬಹುದು. ನಾವು ಬರೀಬಾರದು."

ನಾನು ಸೇರಿದ ಮೂರನೇ ವರ್ಷ ಮೇಡಂ ರಜೆ ಹಾಕಿ ಲಕ್ಷದ್ವೀಪದ ಕಡೆ ಹೋದರು. ಅದೇ ಮೊದಲ ಸಲ. ಪರವಾನಗಿಗೆ ತಿಂಗಳುಗಟ್ಟಲೆ ಕಾಗದ ಬರೆದು, ರೈಲಿನಲ್ಲಿ ಕೊಚ್ಚಿಗೆ ಹೋಗಿ, ಹಡಗಿನಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡು ತಲುಪಿದ್ದರು. ಒಂದು ದೊಡ್ಡ ದ್ವೀಪ; ಅಲ್ಲಿ ಜನ, ಜೆಟ್ಟಿ, ಹಡಗು ಎಲ್ಲ ಇತ್ತು. ಇನ್ನೊಂದು, ಅಲ್ಲಿಂದ ಮೀನಿನ ದೋಣಿಯಲ್ಲಿ ಒಂದಿಡೀ ದಿನ ಹೋದರೆ ಸಿಗುವ ಮರಳಿನ ತುಣುಕು. ಜನವಿಲ್ಲ, ಹಕ್ಕಿಗಳು ಮಾತ್ರ. ಅದನ್ನು ಮೇಡಂ ಒಂಟಿ ದ್ವೀಪ ಎಂದೇ ಕರೆಯುತ್ತಿದ್ದರು. "ನೀರೊಳಗೆ ಬಗ್ಗಿ ನೋಡಿದ್ರೆ ತೋಟ ಕಣೇ. ಬೀಸಣಿಗೆ ಥರದ್ದು ಒಂದು, ದ್ರಾಕ್ಷಿಗೊಂಚಲು ಥರದ್ದು ಒಂದು, ಬಿಲ್ಲೆ ಪೋಣಿಸಿದ ಹಾಗೆ ಗರಗರ ಅನ್ನೋ ಹಸಿರಿನದು ಒಂದು. ಆದ್ರೆ ಎಲ್ಲಾ ದೊಡ್ಡ ದ್ವೀಪದಲ್ಲಿ ಇರೋವೇ. ಇಷ್ಟು ದೂರ ಹೋಗಿ, ಅದಕ್ಕೆ ಅಂತ ಒಂದೇ ಒಂದೂ ಸಿಗಲಿಲ್ಲ ನೋಡು." ಇದನ್ನು ಹೇಳುವಾಗ ಅವರ ಮುಖ ಸಪ್ಪಗಾಗಿತ್ತು.

ಪಾಚಿ ಎರಡು ಬಕೆಟ್ಟುಗಳಲ್ಲಿ ಬಂದಿತ್ತು, ಬಟ್ಟೆಯ ಚೀಲಗಳಲ್ಲಿ ಕಟ್ಟಿ. ಪ್ರತಿ ಚೀಲದೊಳಗೆ ಪೆನ್ಸಿಲ್‌ನಲ್ಲಿ ಬರೆದ ಒಂದು ಚೂರು ಕಾಗದ: ಯಾವ ದ್ವೀಪ, ಯಾವ ಕಡೆ. ಪೆನ್ಸಿಲ್ ಯಾಕೆಂದರೆ ಶಾಯಿ ನೀರಿಗೆ ಕದಡುತ್ತದೆ, ಪೆನ್ಸಿಲ್ ಕದಡುವುದಿಲ್ಲ. ಅರ್ಧ ಕೆಲಸವೂ ಆಗಿರಲಿಲ್ಲ, ಬಾಣಾವರದಲ್ಲಿ ಅವರ ತಾಯಿ ಬಿದ್ದು ಸೊಂಟ ಮುರಿದುಕೊಂಡರೆಂದು ಫೋನು ಬಂತು. ಹೊರಡುವಾಗ ಒಂದೇ ಮಾತು ಹೇಳಿದರು: "ಬಕೆಟ್ಟು ಮುಟ್ಟಬೇಡ. ನಾನು ಬರೋವರೆಗೂ ಹಾಗೇ ಇರಲಿ."

ಎರಡು ದಿನ ಕಳೆದರೆ ಕಾಲೇಜಿನಲ್ಲಿ ಆಯುಧ ಪೂಜೆ. ನಮ್ಮಲ್ಲಿ ಪ್ರತಿ ಲ್ಯಾಬಿಗೂ ಪೂಜೆ. ಮೈಕ್ರೋಸ್ಕೋಪಿಗೆ ಕುಂಕುಮ, ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಲ್ಲಿ ಬೂದುಗುಂಬಳ. ಪ್ರಿನ್ಸಿಪಾಲರು, ಆಡಳಿತ ಮಂಡಳಿಯವರು ಒಂದೊಂದು ಲ್ಯಾಬಿಗೂ ಬಂದು ಮಂಗಳಾರತಿ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಲ್ಯಾಬಿನಲ್ಲಿ ನಿಲ್ಲಲಾಗದ ನಾತ. ಪೂಜೆಗೆ ಇದು ಮೈಲಿಗೆ ಅನ್ನುತ್ತಾರೇನೋ, ಮುಂದಿನ ವರ್ಷ ನನ್ನನ್ನು ಕರೆಯದಿದ್ದರೆ ಏನು ಗತಿ, ಇವೇ ನನ್ನ ಯೋಚನೆ. ಮೇಡಂ ಮಾತು ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಎಲ್ಲ ಚೀಲಗಳನ್ನು ಬಿಚ್ಚಿದೆ. ಪಾಚಿಯನ್ನು ಉಪ್ಪುನೀರಿನಲ್ಲಿ ತೊಳೆದು, ತಟ್ಟೆಗಳಲ್ಲಿ ಹರವಿ ಹಿಂದಿನ ಕೋಣೆಗೆ ಸಾಗಿಸಿದೆ. ಕಾಗದದ ಚೂರುಗಳನ್ನು ಚೀಲದ ಕ್ರಮದಲ್ಲೇ ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟೆ. ಬಕೆಟ್ಟು ಉಜ್ಜಿದೆ, ಊದಿನಕಡ್ಡಿ ಹಚ್ಚಿದೆ. ಲ್ಯಾಬು ದೇವರಮನೆಯಾಯಿತು. ತೋರಣ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಕಿಟಕಿಯ ಕಟ್ಟೆ ಬರಿದಾಗಿತ್ತು. ನಮ್ಮ ಅಟೆಂಡರ್ ಪೊರಕೆ ಹಿಡಿದು ನಿಂತಿದ್ದ.

"ಇಲ್ಲಿದ್ದ ಕಾಗದ ಎಲ್ಲಪ್ಪಾ?"

"ಒದ್ದೆ ಚೂರು ಬಿದ್ದಿದ್ವು, ಕಸ ಅಂದ್ಕಂಡೆ ಕಣ್ರಮ್ಮ. ಒಣಗಿದ ಹೂವಿನ ಜೊತೆ ಗುಡಿಸಿ ಬೆಂಕಿಗಾಕ್ದೆ. ಯಾಕ್ರಮ್ಮ, ಬೇಕಾಗಿತ್ತಾ?"

ಅವನದೇನು ತಪ್ಪು? ಹಬ್ಬದ ದಿನ ಒದ್ದೆ ಕಾಗದದ ಚೂರನ್ನು ಯಾರಾದರೂ ಗುಡಿಸುತ್ತಾರೆ. "ಪರವಾಗಿಲ್ಲ ಬಿಡಪ್ಪ" ಎಂದೆ. ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರು ಬಂದು, "ಈ ವರ್ಷ ಬಾಟನಿ ಲ್ಯಾಬ್ ಫಸ್ಟ್ ಕ್ಲಾಸು" ಎಂದು ಹೊಗಳಿ, ಪ್ರಸಾದ ತಿಂದು ಹೋದರು. ನನ್ನ ಪಾಲಿನ ಕಡಲೆಕಾಳನ್ನು ಅಟೆಂಡರ್ ಕೈಗೆ ಹಾಕಿದೆ.

ಮೇಡಂ ಅವರ ಟಿಪ್ಪಣಿ ಪುಸ್ತಕ ಲ್ಯಾಬಿನಲ್ಲೇ ಇತ್ತು. ಅದರಲ್ಲಿ ಯಾವ ದ್ವೀಪದಲ್ಲಿ ಯಾವ ಪಾಚಿ ಎಷ್ಟು ಹಿಡಿ ಎಂದೆಲ್ಲ ಬರೆದಿದ್ದರು. ಅದನ್ನು ಇಟ್ಟುಕೊಂಡು, ತಟ್ಟೆಗಳ ಕ್ರಮ ನೋಡಿಕೊಂಡು ಹೆಚ್ಚುಕಡಿಮೆ ಎಲ್ಲದಕ್ಕೂ ಹೊಸ ಚೀಟಿ ಬರೆದೆ. ಉಳಿದದ್ದು ಒಂದೇ. ಕಿರುಬೆರಳುದ್ದದ, ಗರಿಯಂಥ ಒಂದು ಕೆಂಪು ಪಾಚಿ. ತೊಳೆಯುವಾಗ ಒಂದು ಕಂದು ಪಾಚಿಯ ಬುಡದಿಂದ ಬಿಡಿಸಿಕೊಂಡು ತೇಲಿತ್ತು. ಆ ಕಂದು ಪಾಚಿ ಎರಡೂ ದ್ವೀಪಗಳಿಂದ ಬಂದಿತ್ತು. ಕೆಂಪಿನದು ಮೇಡಂ ಕಣ್ಣಿಗೇ ಬಿದ್ದಿರಲಿಲ್ಲ, ಪುಸ್ತಕದಲ್ಲಿ ಇರಲಿಲ್ಲ. ಅದರ ಊರು ಹೇಳಬಲ್ಲದ್ದು ಚೀಲದ ಚೀಟಿ ಮಾತ್ರ.

"ಜಾಗ ಗೊತ್ತಿಲ್ಲ" ಎಂದು ಬರೆಯಬಹುದಿತ್ತು. ಎರಡು ಪದ. ಬರೆದರೆ ಯಾಕೆ ಗೊತ್ತಿಲ್ಲ ಎಂದು ಹೇಳಬೇಕು. ಹೇಳಿದರೆ ಬಕೆಟ್ಟು ಮುಟ್ಟಿದ್ದು ಹೊರಬೀಳುತ್ತದೆ. ಪೆನ್ಸಿಲ್ ಹಿಡಿದು ಕೂತವಳಿಗೆ ಮೇಡಂ ಅವರ ಸಪ್ಪೆ ಮುಖ ನೆನಪಾಯಿತು. ಅದಕ್ಕೆ ಅಂತ ಒಂದೇ ಒಂದೂ ಸಿಗಲಿಲ್ಲ ನೋಡು ಎಂದಿದ್ದರಲ್ಲ. ನಾನು "ಒಂಟಿ ದ್ವೀಪ" ಎಂದು ಬರೆದೆ. ತಪ್ಪು ಮುಚ್ಚಿಕೊಳ್ಳಲು ಹೊರಟವಳು ಅದನ್ನೇ ಉಡುಗೊರೆ ಮಾಡಿ ಕೊಟ್ಟೆ.

ವಾರ ಬಿಟ್ಟು ಮೇಡಂ ಬಂದರು. ಬಕೆಟ್ಟು ಖಾಲಿ ಇದ್ದದ್ದು ನೋಡಿ ಹುಬ್ಬು ಗಂಟಿಕ್ಕಿದರು. "ನಾತ ಹೊಡೀತಿತ್ತು ಮೇಡಂ, ಕೊಳೆತು ಹೋದಾವು ಅಂತ ಹಾಳೆಗೆ ಏರಿಸಿದೆ" ಎಂದೆ. ಬೈಯುವವರಿದ್ದರು. ಅಷ್ಟರಲ್ಲಿ ಆ ಕೆಂಪು ಗರಿ ಅವರ ಕಣ್ಣಿಗೆ ಬಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಲೆನ್ಸು ತೆಗೆದರು. ಚೀಟಿ ಓದಿದರು.

"ಹಳೇ ಚೀಟಿ ಎಲ್ಲಿ?"

"ನೆಂದು ಹರಿದು ಹೋಗಿತ್ತು ಮೇಡಂ."

"ನೋಡಿ ಬರೆದ್ಯಲ್ಲಾ?"

"ಹೂಂ ಮೇಡಂ. ನೋಡೇ ಬರೆದೆ."

ಅವರು ನನ್ನ ಮುಖ ನೋಡಲೇ ಇಲ್ಲ. ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಬಂದು, ನನಗೆ ಅರ್ಧ ಸೇರು ಹೂವು ಕೊಡಿಸಿ, "ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಚಿಕ್ಕದನ್ನ ಕಸ ಅಂತ ಎಸೀತಿದ್ರು ಕಣೇ" ಎಂದರು.

ಮುಂದಿನದೆಲ್ಲ ಆ ಒಂದು ಚೀಟಿಯಿಂದ ಆದದ್ದು. ಆ ಪಾಚಿ ನಮ್ಮ ಕಡಲುಗಳಲ್ಲಿ ಸಿಕ್ಕಿದ್ದು ಅವರಿಗೆ ತಿಳಿದಂತೆ ಅದೇ ಮೊದಲು. ಅದೂ ಹಡಗು ಹೋಗದ ದ್ವೀಪದಲ್ಲಿ! ಎಲ್ಲಿಂದ ಬಂತು, ಯಾವ ಪ್ರವಾಹ ತಂದಿತು ಎಂದು ಮೇಡಂ ಒಂದು ಸಣ್ಣ ಲೇಖನ ಬರೆದರು. ಕೊನೆಯ ಸಾಲಿನಲ್ಲಿ ನನ್ನ ಹೆಸರು ಹಾಕಿ ಕೃತಜ್ಞತೆ ಹೇಳಿದ್ದರು. ನಂತರ ಕಾಲೇಜಿನಲ್ಲಿ ಕಾಯಂ ಹುದ್ದೆ ಖಾಲಿಯಾದಾಗ ಆಡಳಿತ ಮಂಡಳಿಗೆ ನನ್ನ ಪರವಾಗಿ ಪತ್ರ ಬರೆದರು. "ದಾಖಲೆಯ ವಿಷಯದಲ್ಲಿ ಇವರನ್ನು ಕಣ್ಣು ಮುಚ್ಚಿ ನಂಬಬಹುದು" ಎಂಬ ಸಾಲು ಅದರಲ್ಲಿತ್ತು. ಆ ಸಾಲಿನ ಮೇಲೆ ನಾನು ಇವತ್ತಿಗೂ ಕೂತು ಉಣ್ಣುತ್ತಿದ್ದೇನೆ.

ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಲೇಖನ ಅಚ್ಚಾಗುವ ಮುಂಚೆ ಹೇಳೋಣ ಎಂದಿದ್ದೆ, ಅಚ್ಚಾಯಿತು. ಅವರು ನಿವೃತ್ತರಾದ ದಿನ ಹೇಳೋಣ ಎಂದಿದ್ದೆ, ಶಾಲು ಹೊದಿಸಿದೆ. ಕೊನೆಗೆ ಅವರು ಮತ್ತೊಮ್ಮೆ ದ್ವೀಪಕ್ಕೆ ಹೊರಟಾಗ ರೈಲ್ವೆ ಸ್ಟೇಷನ್ನಿಗೆ ಬ್ಯಾಗು ಹಿಡಿದು ಹೋದವಳು ನಾನೇ. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು, ಮೆಟ್ಟಿಲು ಹತ್ತಲು ನನ್ನ ಹೆಗಲು ಹಿಡಿದರು. ರೈಲು ತಡವಾಗಿತ್ತು. ಕಲ್ಲುಬೆಂಚಿನ ಮೇಲೆ ಕೂತು ಕೋಸಂಬರಿ ಡಬ್ಬಿ ಬಿಚ್ಚಿ ನನಗೂ ಕೊಟ್ಟರು.

"ಈ ಸಲ ಕೆಂಪಿನದೊಂದೇ ಹುಡುಕೋದು ಕಣೇ. ಒಂದೇ ಎಳೆ ಇಟ್ಕೊಂಡು ಎಷ್ಟು ದಿನ ಮಾತಾಡಕ್ಕಾಗುತ್ತೆ? ಬಂಡೆ ಮೇಲೆ ಅದು ನಿಂತಿರೋದನ್ನ ಕಣ್ಣಾರೆ ನೋಡಬೇಕು."

"ಮಂಡಿ ನೋವು ಇಟ್ಕೊಂಡು ಯಾಕೆ ಮೇಡಂ?" ಎಂದೆ. ಅಷ್ಟೇ ನನ್ನ ಬಾಯಿಂದ ಬಂದದ್ದು. ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಒಂದು ಮಾತು ಹೇಳಿದ್ದರೆ ಆ ಹೆಂಗಸು ಬ್ಯಾಗು ಎತ್ತಿಕೊಂಡು ಮನೆಗೆ ವಾಪಸು ಹೋಗುತ್ತಿದ್ದರು. ನಾನು ಕೋಸಂಬರಿ ತಿಂದೆ.

ಮೂರು ವಾರದ ಮೇಲೆ ಬಂದರು. ಸುಟ್ಟ ಬದನೆಕಾಯಿಯಂತೆ ಕಪ್ಪಾಗಿದ್ದರು. ಒಂಟಿ ದ್ವೀಪದಲ್ಲಿ ನಾಲ್ಕು ದಿನ, ಎರಡೂ ಹೊತ್ತು ಇಳಿತದಲ್ಲಿ ನೀರಿಗಿಳಿದು ಹುಡುಕಿದ್ದರಂತೆ. ದೋಣಿಯವನು ಪಾಪ, ತಾನೂ ಮುಳುಗಿ ಹುಡುಕಿದನಂತೆ.

"ಇಲ್ಲ ಕಣೇ. ಹೋಯ್ತು. ಅಲ್ಲಿನ ಹವಳ ಎಲ್ಲಾ ಸುಣ್ಣ ಬಳಿದ ಗೋಡೆ ಥರ ಬಿಳಿಚಿಕೊಂಡಿದೆ. ನೀರು ಕಾದಿದೆ. ಇಷ್ಟು ನಾಜೂಕಿನದು ತಡ್ಕೊಳತ್ತಾ? ನಾನು ಎತ್ತಿ ತಂದದ್ದೇ ಕೊನೇದೇನೋ."

ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ತಾಯಿ ಸತ್ತಾಗಲೂ ನನ್ನ ಮುಂದೆ ಅತ್ತವರಲ್ಲ. ಹವಳ ಬಿಳಿಚಿದ್ದು ನಿಜ, ನೀರು ಕಾದದ್ದು ನಿಜ. ಆ ದುಃಖದಲ್ಲಿ ಸುಳ್ಳಾಗಿದ್ದದ್ದು ನಾನು ಬರೆದ ಎರಡು ಪದ ಮಾತ್ರ. ನಾನು ಅವರ ಕೈ ಹಿಡಿದು ಕೂತಿದ್ದೆ. ಸಮಾಧಾನ ಮಾಡುತ್ತಿದ್ದೆ! ನನ್ನ ಮುಖಕ್ಕೆ ಮಸಿ ಬಳಿಯಬೇಕು.

ಆಮೇಲೆ ಮೇಡಂ ಶಾಲೆಗಳಿಗೆ ಹೋಗಿ ಮಾತಾಡಲು ಶುರು ಮಾಡಿದರು. ಬೇಲೂರು, ಹಳೇಬೀಡು, ಬಿಕ್ಕೋಡು, ಕರೆದ ಕಡೆಗೆಲ್ಲ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬದಲಾಯಿಸಲು ಜೊತೆಗೆ ನಾನು. ಬಿಕ್ಕೋಡಿನ ಶಾಲೆಯಲ್ಲಿ, ಎಸ್ಟೇಟಿನ ಕೆಲಸದವರ ಮಕ್ಕಳ ಮುಂದೆ, ಆ ಕೆಂಪು ಗರಿಯ ಚಿತ್ರ ತೋರಿಸಿ, "ಇದು ನಮ್ಮ ಕಾಲದಲ್ಲೇ ಇತ್ತು, ನಮ್ಮ ಕಾಲದಲ್ಲೇ ಹೋಯ್ತು" ಎಂದರು. ಒಬ್ಬ ಹುಡುಗಿ ಎದ್ದು, "ಎಲ್ಲಿಗೋಯ್ತು ಮಿಸ್?" ಎಂದು ಕೇಳಿದಳು. ನಾನು ಮುಂದಿನ ಚಿತ್ರ ಹಾಕಿದೆ.

ಒಂದು ಸಲ, ಒಂದೇ ಸಲ, ಪ್ರಯತ್ನ ಮಾಡಿದೆ. ಹಳೇಬೀಡಿನ ಶಾಲೆಯಲ್ಲಿ ಮಾತು ಮುಗಿಸಿ ಕೆರೆಯ ಕಡೆ ಬಂದು ಕೂತಿದ್ದೆವು. ಅವರಿಗೆ ನೀರಿಗಿಳಿಯಲು ಆಗುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ನಾನು ಹೇಗೋ ಧೈರ್ಯ ಮಾಡಿ, "ಮೇಡಂ, ಆ ಕೆಂಪಿನದು ಬಹುಶಃ ಒಂಟಿ ದ್ವೀಪದಲ್ಲಿ ಇರಲೇ ಇಲ್ಲವೇನೋ" ಎಂದೆ.

ಅವರು ಸರಕ್ಕನೆ ತಿರುಗಿದರು. "ಏನೇ ಹಂಗಂದ್ರೆ? ಚೀಟಿ ಇಲ್ವಾ?"

"ಚೀಟಿ ತಪ್ಪಾಗಿರಬಹುದಲ್ಲ ಮೇಡಂ."

"ನಾನು ಬರೆದಿದ್ರೆ ತಪ್ಪಾಗಿರ್ತಿತ್ತು. ಬರೆದಿದ್ದು ನೀನು" ಎಂದು ನನ್ನ ಬೆನ್ನು ತಟ್ಟಿದರು. "ನನ್ನ ಸಮಾಧಾನಕ್ಕೆ ಅಂತ ನಿನ್ನ ಕೆಲಸಾನ ನೀನೇ ಹೀಗಳೀಬೇಡ."

ಆಗಲೂ ಹೇಳಬಹುದಿತ್ತು. ಬಾಗಿಲು ಅರ್ಧ ತೆರೆದಿತ್ತು, ನಾನೇ ಮುಚ್ಚಿಕೊಂಡೆ. ಆ ತಟ್ಟಿದ ಕೈಯನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಎದ್ದು ಬಸ್ಸಿಗೆ ನಡೆದೆವು.

ಹೋದ ತಿಂಗಳು, ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಹಾಗೇ ಹೋದರು. ಕಾಲೇಜಿನಲ್ಲಿ ಸಂತಾಪ ಸಭೆ. ಈಗ ವಿಭಾಗದ ಮುಖ್ಯಸ್ಥೆ ನಾನು. ಮಾತಾಡಲು ನನ್ನನ್ನೇ ಎಬ್ಬಿಸಿದರು. ಏನು ಮಾತಾಡಿದೆ ಗೊತ್ತೇ? ಕಣ್ಮರೆಯಾದ ಕೆಂಪು ಪಾಚಿಯ ಕಥೆ. ಅವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೋದದ್ದು, ಹುಡುಕಿದ್ದು, ಅತ್ತದ್ದು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಬಾಯಿಪಾಠವಾಗಿದ್ದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಕಣ್ಣಲ್ಲೂ ನೀರು ಬಂತು. ಅಂತಿಮ ವರ್ಷದ ಮಕ್ಕಳಿಗೆ ಅದನ್ನೇ ಪಾಠ ಮಾಡಿದೆ. ಅವರು ನೋಟ್ಸ್ ಬರೆದುಕೊಂಡರು.

ಹದಿಮೂರನೇ ದಿನ ಕಳೆದ ಮೇಲೆ ಬಾಣಾವರದಿಂದ ಅವರ ತಮ್ಮ ಒಂದು ಟ್ರಂಕು ತಂದರು. "ಇದನ್ನ ನಿಮಗೇ ಕೊಡಬೇಕು ಅಂತ ಅಕ್ಕ ಮೊದ್ಲಿಂದನೂ ಹೇಳ್ತಿದ್ಲು. ನಮ್ಮನೇಲಿಟ್ರೆ ಇಲಿ ತಿಂತವೆ" ಎಂದರು. ಮನೆಯಲ್ಲಿ ಇಟ್ಟುಕೊಂಡಿದ್ದ ಹಾಳೆಗಳು. ಎಲ್ಲದಕ್ಕಿಂತ ಮೇಲೆ, ಬಟರ್ ಪೇಪರಿನಲ್ಲಿ ಸುತ್ತಿ, ಕೆಂಪು ಗರಿ. ಬಣ್ಣ ಸ್ವಲ್ಪ ಮಾಸಿದೆ, ಆದರೆ ಎಳೆ ಎಳೆಯೂ ಹಾಗೇ ಇದೆ. ಬಲ ಮೂಲೆಯಲ್ಲಿ ನನ್ನ ದುಂಡು ಅಕ್ಷರದ ಚೀಟಿ. ಅದರ ಕೆಳಗೆ ನಾನು ಎಂದೂ ನೋಡಿರದ ಇನ್ನೊಂದು ಚೀಟಿ ಅಂಟಿಸಿತ್ತು. ಕೋಳಿ ಕೆದಕಿದ ಅಕ್ಷರ, ಪೆನ್ಸಿಲ್‌ನಲ್ಲಿ, ಎರಡನೇ ಸಲ ಹೋಗಿಬಂದ ತಿಂಗಳಲ್ಲಿ ಬರೆದದ್ದು:

"ಒಂಟಿ ದ್ವೀಪದಲ್ಲಿ ಮತ್ತೆ ಹುಡುಕಿದೆ. ಸಿಗಲಿಲ್ಲ. ಚೀಟಿ ಸರಿಯಾಗಿದೆ. ನನ್ನ ಕಣ್ಣು ಮಂಜಾಗಿದೆ, ಇದ್ದರೂ ಕಾಣದೆ ಹೋಗಿರಬಹುದು. ಮುಂದೆ ಹೋಗುವವರು ಇನ್ನೊಮ್ಮೆ ನೋಡಬೇಕು."

ಕೆಳಗೆ ಅವರ ಹೆಸರು.

ಜನರ ಮುಂದೆ ಕಡಲು ಕಾದಿತು ಎನ್ನುತ್ತಿದ್ದವರು ಒಳಗೊಳಗೇ ತಮ್ಮ ಕಣ್ಣನ್ನು ಅನುಮಾನಿಸಿದ್ದರು. ಅನುಮಾನಿಸದೆ ಬಿಟ್ಟದ್ದು ನನ್ನೊಬ್ಬಳನ್ನು. ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ನನ್ನನ್ನು ಕ್ಷಮಿಸಿದ್ದರು ಎಂದು ಅಂದುಕೊಳ್ಳಲು ಒಂದು ಸಣ್ಣ ಸಂದಾದರೂ ಸಿಗುತ್ತದೇನೋ ಎಂದು ಆ ಸಾಲುಗಳನ್ನು ಹತ್ತು ಸಲ ಓದಿದೆ. ಸಿಗಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಂಬಿದ್ದರು, ಅಷ್ಟೇ.

ಅವರ ಚೀಟಿಯ ಕೆಳಗೆ ಮೂರನೆಯದನ್ನು ಅಂಟಿಸಿದೆ. "ಜಾಗ ಗೊತ್ತಿಲ್ಲ. ಮೂಲ ಚೀಟಿ ನನ್ನಿಂದ ಕಳೆದುಹೋಯಿತು. ಮೊದಲನೆಯ ಚೀಟಿಯನ್ನು ನೋಡದೆ ಬರೆದವಳು ನಾನು. ಮೇಡಂ ಕಣ್ಣು ಸರಿಯಾಗಿತ್ತು." ಹೆಸರು, ತಾರೀಖು ಹಾಕಿದೆ. ಲೇಖನ ಅಚ್ಚಾದ ಪತ್ರಿಕೆಗೂ ಬರೆದಿದ್ದೇನೆ, ಉತ್ತರ ಬಂದಿಲ್ಲ. ಬಿಕ್ಕೋಡಿನ ಆ ಹುಡುಗಿ ಈಗ ಎಲ್ಲಿದ್ದಾಳೋ, ಅವಳಿಗೆ ಹೇಗೆ ತಿಳಿಸುವುದೋ ಗೊತ್ತಾಗುತ್ತಿಲ್ಲ.

ಸೋಮವಾರ ಹಾಳೆಯನ್ನು ಅಂತಿಮ ವರ್ಷದ ತರಗತಿಗೆ ತೆಗೆದುಕೊಂಡು ಹೋದೆ. ಮೂರು ಚೀಟಿಗಳನ್ನೂ ಓದಿ ಹೇಳಿದೆ. ಆಯುಧ ಪೂಜೆ, ಬಕೆಟ್ಟು, ಕಿಟಕಿಯ ಕಟ್ಟೆ, ಎಲ್ಲ. ನನ್ನ ಮುಖ ನೋಡಲು ಅವರಿಗೂ ಮುಜುಗರ, ಅವರ ಮುಖ ನೋಡಲು ನನಗೂ. ಕೊನೆಗೆ ಮುಂದಿನ ಬೆಂಚಿನ ಒಬ್ಬಳು ನೋಟ್‌ಬುಕ್ಕು ತೆರೆದು, ಪೆನ್ನು ಎತ್ತಿ ಹಿಡಿದು ಕೇಳಿದಳು.

"ಮೇಡಂ, ಅವತ್ತು ಬರ್ಕೊಂಡಿದ್ದನ್ನ ಹೊಡೆದು ಹಾಕ್ಲಾ?"

"ಹೊಡೀಬೇಡ. ಅದು ಹಾಗೇ ಇರಲಿ. ಕೆಳಗೆ ಸರಿಯಾದ್ದನ್ನ ಬರಿ."

ಅವಳು ಬರೆದಳು. ಬರೆದು, ಮೇಡಂ ಕಟ್ಟಳೆಯಂತೆ ಕೆಳಗೆ ತನ್ನ ಹೆಸರು ಹಾಕಲು ಹೊರಟಳು. ನಾನು ತಡೆದೆ.

"ನಿನ್ನ ಹೆಸರಲ್ಲ ಕಣೇ. ನನ್ನ ಹೆಸರು ಹಾಕು."